ಜೊತೆಯಾಗಿ ನಡೆದ ಎರಡು ಚುಕ್ಕಿಗಳು

ಈ ಸಲದ ಆಷಾಢದಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಯ ಕಡೆಗೆ ಹೊರಟಿದ್ದ ಬಸ್ಸು ನಡುವಿನ ಒಂದು ಊರಿನ ನಿಲ್ದಾಣದಲ್ಲಿ ನಿಂತಾಗ, ಕಿಟಕಿಯಿಂದ ಮೊದಲು ಒಳಗೆ ಬಂದದ್ದು ವಾಸನೆ. ಮಳೆಗೆ ತೇವವಾದ ತಂಬಾಕಿನ ಗೋದಾಮುಗಳ ಕಟುವಾಸನೆ, ಅದರ ಮೇಲೆ ಗಟಾರದ ಅಂಚಿಗೆ ಆಗಷ್ಟೇ ಚೆಲ್ಲಿದ ಬ್ಲೀಚಿಂಗ್ ಪುಡಿಯ ವಾಸನೆ. ಎರಡೂ ಕೂಡಿದರೆ ಗಂಟಲಿನಲ್ಲಿ ಸಣ್ಣಗೆ ಉರಿ ಏಳುತ್ತದೆ. ನಾನು ಇಳಿಯಬೇಕಾದ ಊರು ಅದಾಗಿರಲಿಲ್ಲ. ಆದರೂ ಕೈಚೀಲ ಎತ್ತಿಕೊಂಡು ಇಳಿದುಬಿಟ್ಟೆ. ಕೆಲವು ವರ್ಷಗಳ ಹಿಂದೆ ಒಂದು ಇಡೀ ಮಳೆಗಾಲವನ್ನು ನಾನು ಆ ಊರಿನಲ್ಲಿ ಕಳೆದಿದ್ದೆ.

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಬರುವವರ ಹೆಸರುಗಳೂ ಅವರ ನಿಜವಾದ ಹೆಸರುಗಳಲ್ಲ. ಅವರಲ್ಲಿ ಹೆಚ್ಚಿನವರು ಇಂದಿಗೂ ಅದೇ ಗಲ್ಲಿಗಳಲ್ಲಿ ಕೆಲಸದಲ್ಲಿದ್ದಾರೆ. ನನ್ನ ಒಂದು ಸಾಲು ಅವರಲ್ಲಿ ಒಬ್ಬಳ ಅನ್ನವನ್ನು ಕಿತ್ತುಕೊಳ್ಳಬಾರದು. ಅನ್ಯಾಯವನ್ನು ಹೆಸರು ಹಿಡಿದೇ ಹೇಳಬೇಕೆಂದು ಕಲಿತು ಬಂದವಳಿಗೆ ಇದು ಸುಲಭದ ಕಟ್ಟುಪಾಡಲ್ಲ.

ನಾನು ಐಗಳಿಯ ಒಂದು ಒಕ್ಕಲುತನದ ಮನೆಯ ಮಗಳು. ನಮ್ಮ ಮನೆಯ ಹಿತ್ತಲ ಗೋಡೆಯ ಗೂಡಿನಲ್ಲಿ ಹೊಲದ ಆಳುಗಳಿಗೆಂದೇ ಬೇರೆ ಒಂದು ಚಹಾದ ಬಟ್ಟಲು ಇರುತ್ತಿತ್ತು. ಅದು ತಪ್ಪೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಹೇಳಿಕೊಟ್ಟದ್ದು ಅಥಣಿಯ ಸಮೀಪ ಕೆಲವು ಆದರ್ಶವಾದಿ ಶಿಕ್ಷಕರು ನಡೆಸುತ್ತಿದ್ದ ಒಂದು ವಸತಿಶಾಲೆ. ಅಲ್ಲಿ ಪ್ರತಿ ಸಂಜೆಯ ಸಭೆಯಲ್ಲಿ ವಿದ್ಯಾರ್ಥಿಗಳು ಆ ದಿನ ಕಂಡ ಒಂದು ಅನ್ಯಾಯವನ್ನು ಎದ್ದು ನಿಂತು ಹೇಳಬೇಕಿತ್ತು. ನಾನು ಹೇಳಿದ ಮೊದಲನೆಯದು ಆ ಬಟ್ಟಲು. ಆಮೇಲೆ ಅದೇ ಅಭ್ಯಾಸ ನನ್ನ ಉದ್ಯೋಗವಾಯಿತು. ರಾಯಬಾಗ, ಕಾಗವಾಡ, ಚಿಕ್ಕೋಡಿಯ ಕಡೆಯ ಅಸಂಘಟಿತ ಕಾರ್ಮಿಕರ ನಡುವೆ ಓಡಾಡುತ್ತಿದ್ದ ನನಗೆ ಆ ವರ್ಷ ಮೃಗಶಿರಾ ಮಳೆಯ ಹೊತ್ತಿಗೆ ಈ ಊರಿನಿಂದ ಕರೆ ಬಂತು: ಕಸ ಗುಡಿಸುವ ಹೆಂಗಸರ ಕೈಗೆ ಗುತ್ತಿಗೆದಾರರು ಏನನ್ನೋ ಕಟ್ಟುತ್ತಿದ್ದಾರೆ, ಬಂದು ನೋಡಿ.

ಅದು ನೋಡಲು ಅಗ್ಗದ ಕೈಗಡಿಯಾರದ ಹಾಗೆ ಇತ್ತು. ಕಪ್ಪು ರಬ್ಬರಿನ ಪಟ್ಟಿ, ಅದರ ಮೇಲೆ ಬೆಂಕಿಪೆಟ್ಟಿಗೆಯ ಅರ್ಧದಷ್ಟು ಒಂದು ಡಬ್ಬಿ. ಆಕಾಶದಲ್ಲಿ ತಿರುಗುವ ಉಪಗ್ರಹಗಳ ಸಂಕೇತವನ್ನು ಹಿಡಿದು ತಾನೆಲ್ಲಿದ್ದೇನೆಂದು ಅದು ಲೆಕ್ಕ ಹಾಕುತ್ತಿತ್ತು. ಒಳಗಿನ ಸಿಮ್ಮಿನ ಮೂಲಕ ಆ ಉತ್ತರವನ್ನು ಮೊಬೈಲ್ ಟವರಿಗೆ, ಟವರಿನಿಂದ ದೂರದ ಯಾವುದೋ ಊರಿನ ಕಂಪ್ಯೂಟರಿಗೆ ದಾಟಿಸುತ್ತಿತ್ತು. ಅಲ್ಲಿಂದ ತಿರುಗಿ ಬಂದು, ಹೆಂಗಸರ ಕೆಲಸದ ಮೇಲೆ ನಿಗಾ ಇಡುವ ಮುಕಾದಮ ಬಾಬುರಾವನ ಫೋನಿನ ನಕಾಶೆಯ ಮೇಲೆ ಪ್ರತಿಯೊಬ್ಬ ಹೆಣ್ಣುಮಗಳೂ ಒಂದು ಹಸಿರು ಚುಕ್ಕಿಯಾಗಿ ಕಾಣಿಸುತ್ತಿದ್ದಳು. ತನಗೆ ಗೊತ್ತುಮಾಡಿದ ಗಲ್ಲಿಯ ಗೆರೆಯನ್ನು ದಾಟಿದರೆ ಚುಕ್ಕಿ ಕೆಂಪಾಗುತ್ತಿತ್ತು. ಹೆಂಗಸರು ಅದನ್ನು ‘ಗಡ್ಯಾಳ’ ಎಂದರು. ಆದರೆ ಅದರಲ್ಲಿ ಹೊತ್ತು ತೋರಿಸುವ ಮುಳ್ಳಿರಲಿಲ್ಲ. ಕಟ್ಟಿಕೊಂಡವಳಿಗೆ ಅದು ಏನನ್ನೂ ಹೇಳುತ್ತಿರಲಿಲ್ಲ.

ನಾನು ವಿಜ್ಞಾನದ ವಿರೋಧಿಯಲ್ಲ. ಪಟ್ಟಿ ಹಂಚುವ ದಿನ ಬಂದಿದ್ದ ತಂತ್ರಜ್ಞನು, ಇದೇ ವಿದ್ಯೆಯಿಂದ ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಹುಡುಕಬಹುದು, ಅಂಬುಲೆನ್ಸಿಗೆ ದಾರಿ ತೋರಿಸಬಹುದು ಎಂದು ಹೇಳಿದಾಗ ನಾನೂ ತಲೆದೂಗಿದೆ. ಆ ಮಾತುಗಳಲ್ಲಿ ಸುಳ್ಳಿರಲಿಲ್ಲ. ಅನ್ಯಾಯವಿದ್ದದ್ದು ಯಾರ ಕೈಗೆ ಕಟ್ಟಿದರು ಎಂಬುದರಲ್ಲಿ. ಎಂಜಿನಿಯರರ ಮಣಿಕಟ್ಟು ಖಾಲಿ ಇತ್ತು. ಗುತ್ತಿಗೆದಾರರದು, ಆರೋಗ್ಯಾಧಿಕಾರಿಗಳದು ಖಾಲಿ ಇತ್ತು. ಊರಿನಲ್ಲಿ ಸಂಬಳ ಪಡೆಯುವವರು ಅಷ್ಟೊಂದು ಮಂದಿ ಇರುವಾಗ, ನಂಬಿಕೆಗೆ ಅರ್ಹರಲ್ಲವೆಂದು ತೀರ್ಮಾನವಾದದ್ದು ಬೆಳಗಾಗುವ ಮೊದಲೇ ಬೀದಿಗೆ ಇಳಿಯುವ ಈ ಹೆಂಗಸರು ಮಾತ್ರ. ಅವರೆಲ್ಲ ಮಾರ್ಕೆಟ್ಟಿನ ಹಿಂದಿನ ಓಣಿಯವರು, ಬಹುಪಾಲು ಬೌದ್ಧ ಮನೆತನದವರು. ಅವರ ಹಿರಿಯರು ಸತ್ತ ದನ ಎಳೆಯುವುದನ್ನು ಬಿಟ್ಟರು, ಹಳೆಯ ದೇವರನ್ನು ಬಿಟ್ಟರು, ಹೊಸ ಧಮ್ಮ ಹಿಡಿದರು. ಧರ್ಮ ಬದಲಾದರೂ ಊರು ಮಾತ್ರ ಅವರ ಕೈಯ ಕಸಬರಿಗೆಯನ್ನು ಬದಲಿಸಲು ಒಪ್ಪಲಿಲ್ಲ.

ಅವರಲ್ಲಿ ಹಿರಿಯಳು ತಾನುಬಾಯಿ. ಲಗ್ನಕ್ಕಿಂತ ಮೊದಲೇ ಅವ್ವನ ಜೊತೆ ಗಲ್ಲಿ ಗುಡಿಸಲು ಬಂದವಳು. ಎತ್ತರದ ಆಳು, ಹಣೆ ಬೋಳು, ಬಾಯಿ ಚುರುಕು, ಎಲ್ಲರಿಗೂ ಮೌಶಿ, ಅಂದರೆ ಚಿಕ್ಕವ್ವ. ಮೊದಲ ವಾರವೇ ಬಾಬುರಾವ್ ಫೋನು ಹಿಡಿದುಕೊಂಡು ಬಂದ.

“ಮೌಶಿ, ನಿನ್ನೆ ಮುಂಜಾನೆ ಕಾಗಲದಾಗ ಏನ ಮಾಡ್ತಿದ್ದಿ? ಚುಕ್ಕಿ ಮಹಾರಾಷ್ಟ್ರದಾಗ ಕುಂತಿತ್ತು.”

ಎತ್ತರದ ಗೋದಾಮುಗಳ ಸಂದಿಯಲ್ಲಿ ಆ ಅಗ್ಗದ ಡಬ್ಬಿಗೆ ಉಪಗ್ರಹ ಸಿಗುತ್ತಿರಲಿಲ್ಲ. ಆಗ ಅದು ಕೈಗೆ ಸಿಕ್ಕ ಟವರನ್ನೇ ತನ್ನ ಊರೆಂದು ಹೇಳಿಬಿಡುತ್ತಿತ್ತು. ಟವರು ಗಡಿಯ ಆಚೆಗಿನದಾಗಿದ್ದರೆ ಹೆಂಗಸೂ ಗಡಿಯ ಆಚೆಗೆ. ನಾನು ಇದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ತಾನುಬಾಯಿ ಕಸಬರಿಗೆಯನ್ನು ನೆಲಕ್ಕೆ ಕುಟ್ಟಿ ಸರಿಮಾಡಿಕೊಳ್ಳುತ್ತ ಹೇಳಿದಳು:

“ನಾವು ಯಾ ರಾಜ್ಯದಾಗ ಅದೀವಿ ಅನ್ನೂದು ದಿಲ್ಲಿಯವ್ರಿಗೇ ಇನ್ನೂ ಬಗೀಹರಿದಿಲ್ಲೋ ಬಾಬ್ಯಾ. ಈ ಗಡ್ಯಾಳಕ್ಕ ಹ್ಯಾಂಗ ಗೊತ್ತಾಗಬೇಕು?”

ಬಾಬುರಾವನೂ ನಕ್ಕ. ಆದರೆ ಎಲ್ಲ ಸಂಗತಿಗಳೂ ನಗುವಂಥವಾಗಿರಲಿಲ್ಲ. ಚುಕ್ಕಿ ಒಂದೇ ಕಡೆ ಹೆಚ್ಚು ಹೊತ್ತು ನಿಂತರೆ ಫೋನು ಕೂಗುತ್ತಿತ್ತು. ಊರು ಗುಡಿಸುವ ಹೆಂಗಸರಿಗೆ ಊರಿನಲ್ಲಿ ಒಂದು ಪಾಯಖಾನೆ ಇರಲಿಲ್ಲ. ಅವರು ಗೋದಾಮಿನ ಹಿಂದಿನ ಜಾಲಿಯ ಮರೆಗೆ ಹೋಗುತ್ತಿದ್ದರು. ಅಲ್ಲಿ ನಿಂತ ಚುಕ್ಕಿಯನ್ನು ಚಹಾದಂಗಡಿಯಲ್ಲಿ ಕುಳಿತ ಗಂಡಸರು ಮುಕಾದಮನ ಫೋನಿನಲ್ಲಿ ನೋಡಿ ತಮಾಷೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಆ ದಿನದಿಂದ ಹೆಂಗಸರು ಕೆಲಸ ಮುಗಿಯುವ ತನಕ ನೀರು ಕುಡಿಯುವುದನ್ನೇ ಬಿಟ್ಟರು. ಇದರ ಮೇಲೆ ನಾನು ಬರೆದ ದೂರಿಗೆ, ಯಂತ್ರಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂಬ ಉತ್ತರ ಬಂತು. ಆ ಉತ್ತರವನ್ನು ಬರೆದ ಕೈಯನ್ನೂ ನಾನು ಅನ್ಯಾಯಗಳ ಸಾಲಿಗೆ ಸೇರಿಸುತ್ತೇನೆ.

ಇನ್ನು ಮುಯ್ಯಾಳಿನ ಮಾತು. ಒಕ್ಕಲುತನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಇಂದು ನಾನು ನಿನ್ನ ಹೊಲದಲ್ಲಿ ದುಡಿಯುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬರುತ್ತೀ, ನಡುವೆ ಕೂಲಿಯ ಮಾತಿಲ್ಲ. ಹೊಲವಿಲ್ಲದ ಈ ಹೆಂಗಸರು ಆ ಪದ್ಧತಿಯನ್ನು ಬೀದಿಗೆ ತಂದಿದ್ದರು. ಒಬ್ಬಳಿಗೆ ಜ್ವರ ಬಂದರೆ, ಒಬ್ಬಳ ಮನೆಯಲ್ಲಿ ಸಾವಾದರೆ, ಅವಳ ಗಲ್ಲಿಯನ್ನು ಉಳಿದವರು ತುಂಡು ತುಂಡಾಗಿ ಹಂಚಿಕೊಂಡು ಗುಡಿಸುತ್ತಿದ್ದರು. ಮುಕಾದಮನಿಗೂ ಇದು ಗೊತ್ತಿತ್ತು. ಗಲ್ಲಿ ಸ್ವಚ್ಛವಿದ್ದರೆ ಅವನು ಕೇಳುತ್ತಿರಲಿಲ್ಲ. ಕಾನೂನಿನಲ್ಲಿದ್ದ ರಜೆಗಳು ಯಾವುವೂ ಗುತ್ತಿಗೆಯಲ್ಲಿ ಇರಲಿಲ್ಲವಾದ್ದರಿಂದ, ಮುಯ್ಯಾಳೇ ಅವರ ರಜೆ, ಅವರ ವಿಮೆ, ಅವರ ಸಂಘ. ಗಡ್ಯಾಳ ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ಬಾರದವಳ ಪಟ್ಟಿಯನ್ನು ಗಲ್ಲಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೈಯಿಂದ ಕೈಗೆ ದಾಟಿಸಿದರು, ಹಸಿಕೂಸನ್ನು ಎತ್ತಿ ಕೊಟ್ಟ ಹಾಗೆ. ಕಸ ಹೋಗಬೇಕು, ಚುಕ್ಕಿ ನಡೆಯಬೇಕು. ಎರಡೂ ಆದವಲ್ಲ, ಇದರಲ್ಲಿ ಮೋಸವೆಲ್ಲಿ ಬಂತು ಎಂಬುದು ಅವರ ಪ್ರಾಮಾಣಿಕ ತಿಳುವಳಿಕೆ. ಯಂತ್ರವು ಗಲ್ಲಿಯನ್ನಲ್ಲ, ತಮ್ಮನ್ನು ನೋಡುತ್ತಿದೆಯೆಂಬುದು ಅವರಿಗೆ ಹೊಳೆಯಲೇ ಇಲ್ಲ.

ಓಣಿಯ ತುದಿಯಲ್ಲಿ ಒಂದು ಸಣ್ಣ ವಿಹಾರವಿತ್ತು. ಆಷಾಢದ ಹುಣ್ಣಿವೆಯಿಂದ ಆಶ್ವಿನದ ಹುಣ್ಣಿವೆಯ ತನಕ ವರ್ಷಾವಾಸ: ಮಳೆಗಾಲದ ಆ ಮೂರು ತಿಂಗಳು ಸಂಜೆ ಎಲ್ಲರೂ ಅಲ್ಲಿ ಕೂಡಿ, ಮೊದಲು ಪಂಚಶೀಲ ಹೇಳಿ, ಆಮೇಲೆ ಧಮ್ಮದ ಗ್ರಂಥವನ್ನು ಒಬ್ಬರು ಓದುವುದನ್ನು ಕೇಳುತ್ತಿದ್ದರು. ಓದುವವಳು ಸುಜಾತಾ. ಹತ್ತನೆಯ ತರಗತಿ ಮುಗಿಸಿದವಳು, ತಾನುಬಾಯಿಯ ಪಕ್ಕದ ಗಲ್ಲಿ ಅವಳದು, ಆಗ ಬಸುರಿ. ಮರಾಠಿಯಲ್ಲಿ ಓದಿ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದಳು. ಓಣಿಯ ಮನೆಗಳಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು; ವಿಹಾರದಲ್ಲಿ ಇನ್ವರ್ಟರ್ ಇತ್ತು. ಹಾಗಾಗಿ ಹೆಂಗಸರು ತಮ್ಮ ಗಡ್ಯಾಳಗಳನ್ನು ಬಿಚ್ಚಿ ಅಲ್ಲಿಯೇ ಚಾರ್ಜಿಗೆ ಇಟ್ಟು ಕೇಳಲು ಕೂಡುತ್ತಿದ್ದರು.

ಒಂದು ಸಂಜೆ ಬಾಬುರಾವ್ ಛತ್ರಿ ಮಡಚುತ್ತ ಬಾಗಿಲಲ್ಲಿ ನಿಂತ. ಓದು ನಿಂತಿತು.

“ಗುತ್ತಿಗಿ ಕಂಪನಿಯವ್ರು ಕೇಳ್ಯಾರ” ಎಂದ, ನನ್ನನ್ನು ನೋಡದೆ. “ದಿನಾ ಸಂಜಿಗೆ ಎಲ್ಲಾ ಚುಕ್ಕಿ ಒಂದಕಡೆ ಕೂಡತಾವಂತ. ಏನ ಮಸಲತ್ತು ನಡಸ್ಯಾರ, ನೋಡಿ ಬಾ ಅಂದ್ರು.”

“ಚಪ್ಪಲಿ ಹೊರಗ ಬಿಡು. ಕುಂಡ್ರು” ಎಂದಳು ತಾನುಬಾಯಿ. “ಮಸಲತ್ತ ಪೂರಾ ಕೇಳೇ ಹೋಗು. ಅರ್ಧಾ ಕೇಳಿ ಹೋಗಿ ಏನರ ತಪ್ಪ ಹೇಳಿಗಿಳೀ.”

ಅವನು ಕುಳಿತ. ಸುಜಾತಾ ಬಿಟ್ಟಲ್ಲಿಂದ ಮುಂದುವರಿಸಿದಳು. ಪಟ್ಟಿಗಳನ್ನು ಕೈಯಿಂದ ಬಿಚ್ಚಿಟ್ಟ ಮೇಲೂ ಹೆಂಗಸರು ಎಲ್ಲಿ ಸೇರುತ್ತಾರೆಂದು ಅವು ಹೇಳುತ್ತಲೇ ಇವೆ, ಕೆಲಸದ ಹೊತ್ತು ಮುಗಿದ ಮೇಲೂ ಯಾರೋ ನೋಡುತ್ತಲೇ ಇದ್ದಾರೆ ಎಂಬುದು ನನಗೆ ಖಚಿತವಾದದ್ದು ಅಂದು. ಆದರೆ ಬಾಬುರಾವ್ ಮತ್ತೆರಡು ಸಂಜೆ ಯಾರೂ ಹೇಳಿ ಕಳುಹಿಸದೆಯೇ ಬಂದು ಕುಳಿತ. ಮನುಷ್ಯ ಕೆಟ್ಟವನಲ್ಲ. ಕೆಟ್ಟವರಲ್ಲದವರ ಕೈಯಿಂದಲೇ ಇಂಥ ಕೆಲಸಗಳು ನಡೆಯುತ್ತವೆ.

ಆ ವರ್ಷವೇ ಈ ಹೆಂಗಸರನ್ನು ಗುತ್ತಿಗೆಯಿಂದ ಬಿಡಿಸಿ ಪುರಸಭೆಯ ಖಾಯಂ ನೌಕರರನ್ನಾಗಿ ಮಾಡುವ ಪ್ರಕ್ರಿಯೆಯೂ ನಡೆದಿತ್ತು. ಅದಕ್ಕಾಗಿ ಎಷ್ಟೋ ವರ್ಷ ನಾವು ಸಂಘದವರು ಬಿಸಿಲಿನಲ್ಲಿ ಧರಣಿ ಕುಳಿತಿದ್ದೆವು. ಹಾಜರಿ ತುಂಡಾಗಿರಬಾರದು, ಶಿಸ್ತಿನ ಕ್ರಮ ಆಗಿರಬಾರದು ಎಂಬುದು ನಿಯಮ. ಹಾಜರಿಗೆ ಗಡ್ಯಾಳವೇ ಪ್ರಮಾಣ. ಒಮ್ಮೆ ಮಳೆಗೆ ಅಂಗಡಿಯ ಕಟ್ಟೆಯ ಮೇಲೆ ನಿಂತಾಗ, ಖಾಯಂ ಆದ ಮೇಲೆ ಏನು ಮಾಡುತ್ತೀರಿ ಎಂದು ತಾನುಬಾಯಿಯನ್ನು ಕೇಳಿದೆ. ಮುಪ್ಪಿನ ಆಧಾರ, ಪಿಂಚಣಿ, ಇಂಥದೇನಾದರೂ ಹೇಳಿಯಾಳೆಂದುಕೊಂಡಿದ್ದೆ.

“ಒಂದ ದಿನ ಪಗಾರಿ ರಜಾ ತಗೋತೀನ್ರಿ ಅಕ್ಕಾರ. ಮನ್ಯಾಗ ಬಾಗಲದಾಗ ಕುಂತ, ಮಳಿ ನೋಡಿಕೋತ ಚಾ ಕುಡೀತೀನಿ. ಹುಟ್ಟಿದಾಗಿಂದ ಮಳ್ಯಾಗ ನಿಂತೇನಿ, ಮಳಿ ನೋಡಿಲ್ಲ.”

ಶ್ರಾವಣದಲ್ಲಿ ಸುಜಾತಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಷ್ಟು ಹೆಣ್ಣುಕೂಸು. ಮಿರಜಿನ ದವಾಖಾನೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಹಾಲಿಗಾಗಿ ತಾಯಿ ಅಲ್ಲಿಯೇ ಇರಬೇಕೆಂದರು. ಹೆರಿಗೆ ರಜೆ ಗುತ್ತಿಗೆಯ ಹೆಂಗಸಿನ ಹಕ್ಕು ಕೂಡ ಹೌದು. ನಾನು ಕಾರ್ಮಿಕ ಇಲಾಖೆಗೆ ಅರ್ಜಿ ಕೊಡೋಣವೆಂದೆ. ಹಕ್ಕು ಸಿಗುವ ತನಕ ಕೆಲಸ ಇರುತ್ತದೆಯೇ ಎಂದು ಸುಜಾತಾಳ ಅವ್ವ ಕೇಳಿದಳು. ಕಾಗದದ ಮೇಲಿದ್ದ ಹಕ್ಕನ್ನು ಕೇಳಿದವಳನ್ನು ಮರುದಿನವೇ ಗೇಟಿನ ಹೊರಗೆ ನಿಲ್ಲಿಸಿದ್ದನ್ನು ಎಲ್ಲರೂ ನೋಡಿದ್ದರು.

ಹೆಂಗಸರು ಮುಯ್ಯಾಳು ಹೂಡಿದರು. ಮೊದಲು ಎಂದಿನಂತೆ ಮೂಲೆಯಿಂದ ಮೂಲೆಗೆ ಪಟ್ಟಿ ದಾಟಿಸಿದರು. ಆದರೆ ಮಳೆ ಜೋರಾಗಿ ಒಬ್ಬರಿಗಾಗಿ ಒಬ್ಬರು ಮೂಲೆಯಲ್ಲಿ ಕಾಯುವಂತಾದಾಗ ಚುಕ್ಕಿ ನಿಂತು ಫೋನು ಕೂಗತೊಡಗಿತು. ಆಗ ತಾನುಬಾಯಿ ಆ ಪಟ್ಟಿಯನ್ನು ಎತ್ತಿಕೊಂಡಳು.

“ನನ್ನ ಎಡಗೈ ಖಾಲೀನ ಐತೆಲ್ಲ” ಎಂದಳು.

ಅಲ್ಲಿಂದ ಮುಂದೆ ಬಲಗೈಯಲ್ಲಿ ತನ್ನದು, ಎಡಗೈಯಲ್ಲಿ ಸುಜಾತಾಳದು. ತಲೆಯ ಮೇಲೆ ಗೊಬ್ಬರ ಚೀಲದ ಕೊಪ್ಪೆ. ಎರಡೂ ಗಲ್ಲಿಗಳನ್ನು ಒಬ್ಬಳೇ ಗುಡಿಸಿದಳು; ನಕಾಶೆಯಲ್ಲಿ ಆ ಎರಡಕ್ಕೂ ಕೂಡಿ ಒಂದೇ ಗೆರೆ ಇದ್ದುದರಿಂದ ಚುಕ್ಕಿ ಕೆಂಪಾಗಲಿಲ್ಲ. ಸಂಜೆ ವಿಹಾರದಲ್ಲಿ ಓದುವವರಿಲ್ಲದಾಗ ನನ್ನ ಕಡೆ ತಿರುಗಿ, “ಸುಜಿ ಬರೂತನಕ ನೀವ ಓದ್ರಿ. ನೀವೂ ಒಂದೀಟ ಮುಯ್ಯಿ ಮಾಡ್ರಿ” ಎಂದಳು. ನನ್ನ ಮರಾಠಿ ಉಚ್ಚಾರಕ್ಕೆ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಆ ಮಳೆಗಾಲದಲ್ಲಿ ನನಗೆ ನಿಶ್ಚಿಂತೆಯಿದ್ದದ್ದು ಆ ಸಂಜೆಗಳಲ್ಲಿ ಮಾತ್ರ.

ಭಾದ್ರಪದದ ಒಂದು ಬೆಳಿಗ್ಗೆ ಬಾಬುರಾವ್ ತನ್ನ ಫೋನನ್ನು ನನ್ನ ಮುಂದೆ ಹಿಡಿದ. ಉದ್ದ ಗಲ್ಲಿಯ ನಕಾಶೆಯ ಮೇಲೆ ಎರಡು ಹಸಿರು ಚುಕ್ಕಿಗಳು ಒಂದಕ್ಕೊಂದು ತಾಗಿಕೊಂಡು ಸಾವಕಾಶವಾಗಿ ಸರಿಯುತ್ತಿದ್ದವು. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತಿತ್ತು. ಒಂದು ತಿರುಗಿದರೆ ಇನ್ನೊಂದೂ.

“ಜೋಡೆತ್ತು ಹೊಂಟಾವ ನೋಡ್ರಿ ಅಕ್ಕಾರ” ಎಂದ ಮೆಲ್ಲಗೆ. “ನಾ ಏನೂ ಅನ್ನಂಗಿಲ್ಲ. ಆದ್ರ ಮ್ಯಾಲಿನವ್ರೂ ಇದನ್ನ ನೋಡ್ತಾರ್ರಿ.”

ಮನುಷ್ಯರು ಮನುಷ್ಯರಿಗಾಗಿ ಮಾಡುವ ಕೆಲಸವನ್ನು ಅಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲಿಯೂ ಕಂಡಿರಲಿಲ್ಲ. ಅದನ್ನು ತೋರಿಸಿದ್ದು ಅದೇ ದರಿದ್ರ ಯಂತ್ರ. ಆದರೆ ಆ ಚಿತ್ರವನ್ನು ಓದುವ ಅಧಿಕಾರ ನಮ್ಮ ಕೈಯಲ್ಲಿರಲಿಲ್ಲ.

ಮೇಲಿನವರು ನೋಡಿದರು. ಇಬ್ಬರ ಪಟ್ಟಿಗಳು ಬಹಳ ದಿನ ಒಂದೇ ಹೆಜ್ಜೆಯಲ್ಲಿ ನಡೆದರೆ ಕಂಪ್ಯೂಟರೇ ಅದನ್ನು ಎತ್ತಿ ತೋರಿಸುವಂಥ ಹೊಸ ವ್ಯವಸ್ಥೆ ಬಂದಿತ್ತಂತೆ. ಆಶ್ವಿನ ಮಾಸ ಕಾಲಿಟ್ಟಾಗ ಕಂಪನಿಯ ಮ್ಯಾನೇಜರು ಹೊರಗಿನಿಂದ ಬಂದು, ಅಂಗಡಿಯೊಂದರ ಮಹಡಿಯ ಮೇಲಿನ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿದರು. ಸುಜಾತಾ ಕೂಸನ್ನು ಮನೆಗೆ ತಂದಿದ್ದಳಷ್ಟೆ. ಕೆಲಸಕ್ಕೆ ಬಂದು ಎರಡನೆಯ ದಿನವೋ ಮೂರನೆಯ ದಿನವೋ. ಬಣ್ಣಗೆಟ್ಟು, ಗೋಡೆಗೆ ಒರಗಿ ನಿಂತಿದ್ದಳು. ಖಾಯಂ ಆಗುವವರ ಹೆಸರುಗಳು ಆ ವಾರವೇ ಮೇಲಕ್ಕೆ ಹೋಗಬೇಕಿತ್ತು.

ಮ್ಯಾನೇಜರು ಗೋಡೆಯ ಮೇಲೆ ನಕಾಶೆ ಬೀಳಿಸಿ ಆ ಎರಡು ಚುಕ್ಕಿಗಳನ್ನು ಓಡಿಸಿ ತೋರಿಸಿದರು. ತಿಂಗಳುಗಟ್ಟಲೆಯ ಮಳೆ, ಸೊಂಟದ ನೋವು, ಕೆಸರು, ಎಲ್ಲವೂ ನಾಲ್ಕಾರು ನಿಮಿಷಗಳಲ್ಲಿ ಸರಸರನೆ ಸರಿದುಹೋದವು.

“ಎರಡೂ ಒಬ್ರ ಕೈಯಾಗ ಅದಾವ” ಎಂದರು. “ಒಬ್ಬಾಕಿ ಕೆಲಸಕ್ಕೇ ಬಂದಿಲ್ಲ. ಯಾರು?”

ನಾನು ಎದ್ದು ನಿಂತೆ. ಹೆರಿಗೆ ರಜೆ ಕಾನೂನಿನ ಹಕ್ಕು, ಅದನ್ನು ಕೊಡದವರು ತಪ್ಪಿತಸ್ಥರು, ಇವರಿಬ್ಬರೂ ನಿರಪರಾಧಿಗಳು ಎಂದು ಹೇಳಲು ಮಾತುಗಳು ನಾಲಿಗೆಯ ಮೇಲೆ ಜೋಡಣೆಯಾಗಿದ್ದವು. ಸಂಘದವರು ತಕರಾರು ಮಾಡುವುದಾದರೆ ಕೋರ್ಟಿಗೆ ಹೋಗಬಹುದು, ತೀರ್ಪಾಗುವ ತನಕ ಇಬ್ಬರ ಹೆಸರೂ ಮೇಲಕ್ಕೆ ಹೋಗುವುದಿಲ್ಲ ಎಂದು ಮ್ಯಾನೇಜರು ಮುಂಚಿತವಾಗಿಯೇ ಹೇಳಿದರು. ಅಷ್ಟರಲ್ಲಿ ತಾನುಬಾಯಿ ನನ್ನ ಸೀರೆಯ ಸೆರಗನ್ನು ಹಿಡಿದು ಕೆಳಕ್ಕೆ ಜಗ್ಗಿದಳು.

“ನೀವ ಕುಂಡ್ರರಿ ಅಕ್ಕಾರ.” ಆಮೇಲೆ ಮ್ಯಾನೇಜರಿಗೆ: “ಕೆಲಸಕ್ಕ ಬರದಾಕಿ ನಾನ್ರಿ ಸಾಹೇಬ್ರ.”

ಮ್ಯಾನೇಜರು ಅವಳ ಕಡೆ ತಿರುಗಿದರು.

“ನನ್ನ ಮೊಣಕಾಲ ಹಿಡದಿದ್ದೂವು. ಮಳಿ ನೋಡಿಕೋತ ಮನ್ಯಾಗ ಕುಂತಿದ್ನಿ. ಈ ಪೋರೀನ ನನ್ನ ಗಡ್ಯಾಳ ಕಟಗೊಂಡು ಎರಡೂ ಗಲ್ಲಿ ಕಸಾ ಹೊಡದಾಳ. ಇಕೀದೇನೂ ತಪ್ಪಿಲ್ಲ, ಹಿರ್ಯಾಕಿ ಅಂತ ನಾ ಹೇಳಿದ್ದ ಕೇಳ್ಯಾಳ.”

“ಮೌಶಿ” ಎಂದು ಸುಜಾತಾ ಮುಂದೆ ಬಂದಳು. ತಾನುಬಾಯಿ ಅವಳತ್ತ ತಿರುಗಲೂ ಇಲ್ಲ.

“ಬಾಯಿ ಮುಚ್ಚ ಬೇ. ದೊಡ್ಡಾವ್ರ ಮಾತಾಡೂ ಮುಂದ ನಡಕ ಬರಬ್ಯಾಡ.”

ಗೋಡೆಯ ಮೇಲಿನ ಚುಕ್ಕಿಗಳು ಇನ್ನೂ ಓಡುತ್ತಿದ್ದವು. ಎರಡು ಪಟ್ಟಿಗಳು ಒಂದೇ ದೇಹದ ಮೇಲಿದ್ದವೆಂದು ಅವು ಹೇಳಬಲ್ಲವಾಗಿದ್ದವು. ಆ ದೇಹ ಯಾರದೆಂದು ಹೇಳಲಾರವಾಗಿದ್ದವು. ಮ್ಯಾನೇಜರು ಬಾಬುರಾವನ ಕಡೆ ನೋಡಿದರು.

“ನೀ ದಿನಾ ಗಲ್ಲೀಗೆ ಹೋಗಾಂವ. ಯಾರ ಕಸಾ ಹೊಡದ್ರು, ನೋಡಿಲ್ಲೇನು?”

ಬಾಬುರಾವ್ ಬಹಳ ಹೊತ್ತು ತನ್ನ ಫೋನಿನ ಕವಚವನ್ನು ಉಗುರಿನಿಂದ ಕೆರೆದ. ಅವನು ದಿನವೂ ನೋಡಿದ್ದ. ತಾನುಬಾಯಿಗೆ ಎರಡು ಸಲ ಚಹಾ ಕೊಡಿಸಿದ್ದ.

“ಮಳ್ಯಾಗ ಎಲ್ಲಾರೂ ಕೊಪ್ಪಿ ಹಾಕ್ಕೊಂಡಿರ್ತಾರ್ರಿ ಸರ್” ಎಂದ. “ಮಾರಿ ಕಾಣಂ‍ಗಿಲ್ಲ.”

ಅದು ಹೇಡಿತನವೋ ಔದಾರ್ಯವೋ ಎಂದು ನಾನು ಇವತ್ತಿಗೂ ನಿರ್ಧರಿಸಿಲ್ಲ. ತಾನುಬಾಯಿಯನ್ನು ಅಂದೇ ಕೆಲಸದಿಂದ ತೆಗೆದರು. ಎರಡು ಗಲ್ಲಿ ಗುಡಿಸಿದ್ದಕ್ಕಾಗಿ ಸುಜಾತಾಳಿಗೆ ಎಚ್ಚರಿಕೆಯ ಮಾತು, ಅದರ ಬೆನ್ನಿಗೇ ಶ್ರಮಜೀವಿಯೆಂಬ ಮೆಚ್ಚುಗೆಯ ಮಾತು ಎರಡೂ ಸಿಕ್ಕವು. ಮೆಚ್ಚುಗೆ ಕೇಳುತ್ತ ಅವಳು ಅಳುತ್ತಿದ್ದಳು. ಹಸಿ ಬಾಣಂತಿಯ ದಣಿವೆಂದು ಯಾರೂ ಹೇಳುವಂತಿರಲಿಲ್ಲ, ಏಕೆಂದರೆ ಹೆರಿಗೆಯೆಂಬುದೇ ಆ ಕೋಣೆಯ ಮಟ್ಟಿಗೆ ನಡೆದಿರಲಿಲ್ಲ.

ಅಂದು ಸಂಜೆಯೂ ವಿಹಾರದಲ್ಲಿ ಎಲ್ಲರೂ ಸೇರಿದರು. ಪಂಚಶೀಲ ಹೇಳುವಾಗ ನಾನು ತಾನುಬಾಯಿಯ ಪಕ್ಕದಲ್ಲಿದ್ದೆ. ಮೊದಲ ಮೂರನ್ನು ಅವಳು ಎಂದಿನ ಗಟ್ಟಿ ದನಿಯಲ್ಲಿ ಹೇಳಿದಳು. ಸುಳ್ಳಾಡುವುದನ್ನು ಬಿಡುತ್ತೇನೆಂಬ ನಾಲ್ಕನೆಯದು ಬಂದಾಗ ತುಟಿ ಮುಚ್ಚಿಕೊಂಡಳು. ಉಳಿದವರು ಹೇಳಿ ಮುಗಿಸುವ ತನಕ ಕೈ ಜೋಡಿಸಿಕೊಂಡೇ ಇದ್ದು, ಐದನೆಯದಕ್ಕೆ ಮತ್ತೆ ದನಿಗೂಡಿಸಿದಳು. ವರ್ಷಾವಾಸ ಮುಗಿಯುವ ತನಕ ಪ್ರತಿ ಸಂಜೆ ಹಾಗೆಯೇ. ಏಕೆಂದು ಎಲ್ಲರಿಗೂ ಗೊತ್ತಿತ್ತು.

ನಾನು ಆ ಊರು ಬಿಟ್ಟೆ. ಹೋರಾಟ ಮುಂದುವರಿಯಿತು, ಕೆಲವು ಕಾಲದ ಮೇಲೆ ಪಟ್ಟಿಗಳನ್ನು ಹಿಂತೆಗೆದುಕೊಂಡರು. ಗೆದ್ದೆವೆಂದು ನಮ್ಮವರು ಗುಲಾಲು ಹಾರಿಸಿದರು. ಶೇಡಬಾಳ, ಯಡೂರು, ರಾಯಬಾಗ, ಎಲ್ಲಿ ಸಭೆ ನಡೆದರೂ ನಾನು ಪಾಯಖಾನೆಯ ಅವಮಾನವನ್ನು ಹೇಳಿದೆ, ವಿಹಾರದ ಮೇಲೆ ಇಟ್ಟ ಕಣ್ಣನ್ನು ಹೇಳಿದೆ, ಕಾಗಲದ ಟವರಿನ ಕಥೆ ಹೇಳಿ ನಗಿಸಿದೆ. ಎಲ್ಲಕ್ಕಿಂತ ದೊಡ್ಡ ಅನ್ಯಾಯವನ್ನು ಮಾತ್ರ ಹೇಳಲಾಗಲಿಲ್ಲ. ಅದನ್ನು ಹೇಳಿದರೆ ಸುಜಾತಾ ಅಷ್ಟೂ ದಿನ ಬೀದಿಯಲ್ಲಿರಲಿಲ್ಲವೆಂದು ನಾನೇ ಸಾಕ್ಷಿ ನುಡಿದಂತೆ. ಅಷ್ಟು ದಿನ ಮಳೆಯಲ್ಲಿ ಎರಡು ಗಲ್ಲಿ ಗುಡಿಸಿದವಳು ಒಂದು ದಿನವೂ ಕೆಲಸಕ್ಕೆ ಬಂದಿರಲಿಲ್ಲವೆಂದು ಎಲ್ಲಿಯೋ ಒಂದು ಕಂಪ್ಯೂಟರಿನಲ್ಲಿ ದಾಖಲಾಗಿದೆ, ಮತ್ತು ಅದನ್ನು ಸರಿಪಡಿಸುವ ದಾರಿ ಇನ್ನೊಬ್ಬಳ ಕೂಸಿನ ಮೇಲೆ ಹಾದುಹೋಗುತ್ತದೆ. ಇಂಥ ಕಡೆ ಏನು ಮಾಡಬೇಕೆಂದು ನನ್ನ ಶಾಲೆ ಕಲಿಸಿರಲಿಲ್ಲ.

ಬಸ್ಸಿನಿಂದಿಳಿದು ಓಣಿಗೆ ಹೋದಾಗ ಮೊದಲು ಸಿಕ್ಕವಳು ಸುಜಾತಾ. ಈಗ ಖಾಯಂ ನೌಕರಿಯವಳು. ಪಟ್ಟಿಯ ಬದಲು ಮುಕಾದಮನ ಫೋನು ಬೆಳಿಗ್ಗೆ ಅವರ ಮುಖದ ಫೋಟೋ ತೆಗೆದು ಜಾಗದ ಗುರುತು ಹಚ್ಚುತ್ತದಂತೆ. ಮಗಳು ಕನ್ನಡ ಶಾಲೆಗೆ ಹೋಗುತ್ತಾಳೆ. ಮನೆಯೊಳಗೆ ಕರೆದು ನೀರು ಕೊಟ್ಟು, ಕೂಡುವ ಮೊದಲೇ ಹೇಳಿದಳು:

“ಅಕ್ಕಾರ, ನೀವ ಬಂದಿದ್ದ ಚಲೋ ಆತು. ನಾ ಖರೆ ಹೇಳಿಬಿಡತೀನ್ರಿ. ಎಲ್ಲಿ ಬೇಕಾದ್ರೂ ಬಂದ ಹೇಳತೀನಿ. ಮೌಶೀದು ಆಕೀಗೆ ಸಿಗಲಿ. ನನಗ ನಿದ್ದಿ ಬರಂಗಿಲ್ರಿ.”

ಇಬ್ಬರೂ ತಾನುಬಾಯಿಯ ಮನೆಗೆ ನಡೆದೆವು. ಮಳೆ ಹನಿಯುತ್ತಿತ್ತು. ಅವಳು ಬಾಗಿಲಿನಲ್ಲಿ ಕಾಲು ಚಾಚಿ ಕುಳಿತು, ಮಂದಿಯ ಶೇಂಗಾ ಕೂಲಿಗೆ ಸುಲಿಯುತ್ತಿದ್ದಳು. ಅಂದು ಸುಳ್ಳಾಗಿದ್ದ ಮೊಣಕಾಲ ನೋವು ಈಗ ನಿಜವಾಗಿದೆ. ಏಳಲು ಗೋಡೆ ಬೇಕು. ನನ್ನನ್ನು ನೋಡಿ, “ಮರಾಠಿ ಸುಧಾರಿಸೇತೇನ್ರಿ?” ಎಂದು ಕೇಳಿದಳು.

ಸುಜಾತಾ ತನ್ನ ನಿರ್ಧಾರವನ್ನು ಹೇಳಿದಳು. ತಾನುಬಾಯಿ ಸುಲಿಯುತ್ತಲೇ ಕೇಳಿಸಿಕೊಂಡಳು. ಆಮೇಲೆ ನನ್ನತ್ತ ತಿರುಗಿ, “ಇಕಿ ಹೇಳಿದ್ರ ಏನಾಗತೈತ್ರಿ?” ಎಂದಳು.

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ವಿಚಾರಣೆ ನಡೆಯುತ್ತದೆ. ವಯಸ್ಸು ಮೀರಿರುವುದರಿಂದ ನಿಮ್ಮನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದು ಕಷ್ಟ. ಆದರೆ ದಾಖಲೆಯಲ್ಲಿ ನಿಮ್ಮ ಹೆಸರಿನ ಮೇಲಿನ ಕಳಂಕ ಹೋದೀತು. ಸುಜಾತಾಳ ಕೆಲಸದ ಬಗ್ಗೆ ನಾನು ಭರವಸೆ ಕೊಡಲಾರೆ. ಕಾನೂನು ಅವಳ ಪರವಾಗಿದೆ, ಕಾನೂನನ್ನು ನಡೆಸುವವರ ಬಗ್ಗೆ ನನಗೆ ಗೊತ್ತಿಲ್ಲ.

“ಹೋಗಲಿ ಬಿಡ್ರಿ ನನ್ನ ಕೆಲಸಾ” ಎಂದಳು ಸುಜಾತಾ. ಅದು ತೋರಿಕೆಯ ಮಾತಾಗಿರಲಿಲ್ಲ.

ತಾನುಬಾಯಿ ಮಡಿಲಿನ ಸಿಪ್ಪೆಯನ್ನು ಕೊಡವಿದಳು. ಸಿಟ್ಟು ಬಂದಿತ್ತು, ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದಂಥ ಸಿಟ್ಟು.

“ನನ್ನ ಜಲ್ಮದಾಗ ಒಂದ ಸುಳ್ಳ ಹೇಳೇನಿ” ಎಂದಳು. “ಒಂದ. ಅದರಾಗ ಇಕೀ ಮಗಳು ಬೆಳದ ಶಾಲಿಗೆ ಹೋಗಾಕತ್ತೇತಿ. ಈಗ ಇಕಿ ಹೋಗಿ ಖರೆ ಹೇಳಿದ್ಲಂದ್ರ, ಆ ಸುಳ್ಳೂ ದಂಡ ಆತಲ್ರಿ ಅಕ್ಕಾರ.”

ಸುಜಾತಾ ಹೊಸ್ತಿಲಿನ ಮೇಲೆ ಕುಳಿತುಬಿಟ್ಟಳು. ಶೇಂಗಾದ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಸುಲಿಯತೊಡಗಿದಳು. ನಾನೂ ಕೈ ಹಾಕಿದೆ. ಬುಟ್ಟಿ ಬರಿದಾಗುವ ತನಕ ಮೂವರೂ ಸುಲಿದೆವು.